ರಂಗ ಬಿಡದವನು

ಕ್ಯಾಸಂಬಳ್ಳಿ ಹೋಬಳಿ, ನಮ್ಮ ಮನೆಯ ಒಳಕೋಣೆ
25 ಜನವರಿ 2024

ಲೋ ಸೆಲ್ವರಾಜ,

ಸತ್ತವನಿಂದ ಕಾಗದ ಬಂತೆಂದು ಬೆವರಬೇಡ, ಕೂತು ಓದು. ಬರೆಯುತ್ತಿರುವವನು ಚಿಕ್ಕಮುನಿಯಪ್ಪನೇ. ನಮ್ಮ ನಾಟಕ ಮಂಡಳಿಯ ರಾಜಾಪಾರ್ಟು, ಮೈಕು ಕೆಟ್ಟ ದಿನವೂ ಬಂಗಾರಪೇಟೆ ಮೈದಾನದ ಕೊನೆಯಲ್ಲಿ ಕಡಲೆಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟು ಕೇಳುವಂತೆ ಗುಡುಗಿದವನು. ಇವತ್ತು ಆ ಗುಡುಗಿಗೆ ಬೀಗ ಬಿದ್ದಿದೆ. ಮಾತು ಬೇಡ ಎಂದಿದ್ದಾರೆ ಡಾಕ್ಟರು, ಪಿಸುಮಾತಂತೂ ಬೇಡವೇ ಬೇಡವಂತೆ. ಫೋನಿನಲ್ಲಿ ಒತ್ತಿ ಕಳಿಸೋಣ ಎಂದರೆ, ಮಂಡಳಿಯ ವಾಟ್ಸಾಪಿನಲ್ಲಿ ಒಬ್ಬನಿಗೆ ಹೇಳಿದ್ದು ನಿನಗೆ ಮುಟ್ಟುವ ಮೊದಲು ಆ ದ್ರೋಹಿಗೆ ಮುಟ್ಟುತ್ತದೆ. ಆದ್ದರಿಂದ ಪೆನ್ನು ಹಿಡಿದಿದ್ದೇನೆ.

ನಡೆದದ್ದನ್ನು ಮೊದಲಿಂದ ಕೇಳು. ದೀಪಾವಳಿಯಿಂದ ನನ್ನ ದನಿ ಒಡೆದಿತ್ತಲ್ಲ, ಅದು ಗಂಟಲ ದನಿಪಟ್ಟಿಯ ಮೇಲೆ ಕೂತ ಕ್ಯಾನ್ಸರಂತೆ. ಇನ್ನೂ ಮೊಳಕೆ, ಬೇರು ಬಿಟ್ಟಿಲ್ಲ ಎಂದರು. ನನ್ನ ತಂಗಿಯ ಮಗಳು ಶ್ಯಾಮಲ ಇದ್ದಾಳಲ್ಲ, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಇಂಥ ಜೀವಕೋಶಗಳ ಮೇಲೆಯೇ ಸಂಶೋಧನೆ ಮಾಡುವವಳು, ಅವಳೇ ಓಡಾಡಿ ನನ್ನನ್ನು ಬೆಳಕಿನ ಚಿಕಿತ್ಸೆಗೆ ಸೇರಿಸಿದಳು. ಮೊದಲು ನರಕ್ಕೆ ಒಂದು ಮದ್ದು ಹಾಕಿದರು. ಎರಡು ದಿನ ಬಿಟ್ಟು, ಪ್ರಜ್ಞೆ ತಪ್ಪಿಸಿ, ಗಂಟಲೊಳಗೆ ತಂತಿಯಂಥದ್ದೊಂದನ್ನು ಇಳಿಸಿ ಕೆಂಪು ಬೆಳಕು ಬಿಟ್ಟರು. ಅಷ್ಟೇ. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಆದರೆ ಆ ಮದ್ದು ಮೈಯಲ್ಲಿ ಇರುವ ತನಕ, ಅಂದರೆ ತಿಂಗಳಿಗೂ ಮೇಲೆ, ಬಿಸಿಲು ತಾಕುವಂತಿಲ್ಲ. ತಾಕಿದರೆ ಕುದಿಯುವ ನೀರು ಎರಚಿದ ಹಾಗೆ ಚರ್ಮ ಬೊಬ್ಬೆ ಏಳುತ್ತದಂತೆ. ಹಾಗಾಗಿ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಒಂದು ಸಣ್ಣ ಬಲ್ಬಿನ ಕೆಳಗೆ, ರಾಜನಾದ ನಾನು ಗೂಬೆಯಂತೆ ಕೂತಿದ್ದೇನೆ.

ಈಗ ದ್ರೋಹದ ಪ್ರವೇಶ. ಮದ್ದು ಹಾಕಿದ ದಿನ ಕಾಂತರಾಜ ವಾರ್ಡಿಗೆ ಬಂದಿದ್ದ. ಬಂಗಾರಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ, ಹನ್ನೆರಡು ವರ್ಷದಿಂದ ನನ್ನ ಶಿಷ್ಯ ಎಂದು ಹೇಳಿಕೊಂಡು ತಿರುಗುವ ಅದೇ ಕಾಂತರಾಜ. ಮೂಸಂಬಿ ತಂದ. ಕಾಲೊತ್ತಿದ. ಇನ್ನು ಹಾಡೋಕೆ ಆಗುತ್ತಾ ಗುರುಗಳೇ ಎಂದು ಕೇಳಿದ. ನಾನು ಕೈಯಾಡಿಸಿ ಗೊತ್ತಿಲ್ಲ ಎಂದೆ. ಅವನು ಕಣ್ಣೊರೆಸಿಕೊಂಡು ಹೋದ. ನಾನೂ ಕಣ್ಣೊರೆಸಿಕೊಂಡೆ, ಮೂರ್ಖ.

ಮೂರನೇ ದಿನ ಬಂಗಾರಪೇಟೆ ಸ್ಟೇಷನ್ ಗೇಟಿನ ಹತ್ತಿರ ಆಳೆತ್ತರದ ಫ್ಲೆಕ್ಸು. ಕಿರೀಟ ಹಾಕಿದ ನನ್ನ ಫೋಟೋ, ಎರಡೂ ಪಕ್ಕ ಉರಿಯುವ ದೀಪ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅದನ್ನು ಮೊದಲು ನೋಡಿದವಳು ಯಾರು ಗೊತ್ತಾ? ನನ್ನ ಅಕ್ಕಯ್ಯಮ್ಮ. ನನಗೆ ಗಂಜಿ ಮಾಡಿಕೊಂಡು ಬೆಂಗಳೂರಿನ ರೈಲಿಗೆ ಬಂದಿದ್ದಳು. ಗೇಟಿನಲ್ಲಿ ತನ್ನ ಗಂಡನ ಶ್ರದ್ಧಾಂಜಲಿ ಓದಿ ರೈಲು ಹತ್ತಿದಳು. ವಾರ್ಡಿನ ಬಾಗಿಲಿಗೆ ಬಂದಾಗ ಅವಳ ಕೈ ಬರಿದಾಗಿತ್ತು, ಸೆಲ್ವ. ದಾರಿಯಲ್ಲೇ ಬಳೆ ಒಡೆದುಕೊಂಡಿದ್ದಳು. ನಾನು ಎದ್ದು ಕೂತದ್ದನ್ನು ನೋಡಿ ಚೀರಲಿಲ್ಲ, ಅಳಲಿಲ್ಲ. ಗಂಜಿಯ ಡಬ್ಬಿ ಕೆಳಗಿಟ್ಟು, ನನ್ನ ಎದೆ ಮೇಲೆ ಕೈಯಿಟ್ಟು, ಬಡಿಯುತ್ತಿದೆಯಾ ಎಂದು ನೋಡಿದಳು. ಆ ಕೈ ನನಗೆ ಇನ್ನೂ ತಣ್ಣಗೆ ತಾಕುತ್ತಿದೆ.

ಅಂಗಡಿ ಹುಡುಗರ ತಪ್ಪು, ಯಾರೋ ಫೋನ್ ಮಾಡಿ ಹೇಳಿದರು ಎಂದನಂತೆ ಕಾಂತರಾಜ. ಸುಳ್ಳು. ನಮ್ಮ ಮಂಡಳಿಯ ಪದ್ಧತಿ ನಿನಗೆ ಗೊತ್ತು. ಪಾರ್ಟು ಹಿಡಿದವನು ಬದುಕಿರುವ ತನಕ ಅವನೇ ತನ್ನ ಕೈಯಾರೆ ಇನ್ನೊಬ್ಬನ ಕಾಲಿಗೆ ಗೆಜ್ಜೆ ಕಟ್ಟಬೇಕು. ಸತ್ತರೆ ಮಾತ್ರ ಅವನ ಫೋಟೋ ಮುಂದೆ ಹಾರ್ಮೋನಿಯಂ ಮೇಷ್ಟ್ರು ಕಟ್ಟುತ್ತಾರೆ. ನಾನು ಕಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ನನ್ನನ್ನು ಸಾಯಿಸಿದ. ಅದೇ ಸಂಜೆ ಮೇಷ್ಟ್ರು ದೊಡ್ಡವೆಂಕಟಪ್ಪನವರು ನನ್ನ ಫೋಟೋಗೆ ಹಾರ ಹಾಕಿ, ಅತ್ತು, ಅವನ ಕಾಲಿಗೆ ಗೆಜ್ಜೆ ಕಟ್ಟಿಬಿಟ್ಟರು. ಮರುದಿನ ನಾನು ಬದುಕಿದ್ದೇನೆಂದು ತಿಳಿದಾಗ, ಕಟ್ಟಿದ ಗೆಜ್ಜೆ ಬಿಚ್ಚಿಸುವ ಪದ್ಧತಿ ಇಲ್ಲವಲ್ಲ ಮುನಿಯಪ್ಪ ಎಂದು ಹೇಳಿಕಳಿಸಿದರು.

ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಗಿನ ಆಟ. ಬಂಗಾರಪೇಟೆಯ ಸಭಾಂಗಣದಲ್ಲಿ ನನ್ನ ಪಾರ್ಟಿನಲ್ಲಿ ಅವನು. ದೀಪ ನಿನ್ನದು. ನಾನು ಕಂಬಳಿ ಹೊದ್ದು ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅವನು ಮೊದಲ ಪದ ಎತ್ತಿದ ಕೂಡಲೇ ಫೋಕಸ್ಸನ್ನು ಅವನ ಮುಖದಿಂದ ಕಿತ್ತು ನನ್ನ ಮುಖಕ್ಕೆ ಹಾಕು. ನಾನು ಎದ್ದು ನಿಂತು ಒಂದೇ ಒಂದು ಗರ್ಜನೆ ಮಾಡುತ್ತೇನೆ. ಗಂಟಲು ಹರಿದರೆ ಹರಿಯಲಿ. ಚರ್ಮ ಸುಲಿದರೆ ಸುಲಿಯಲಿ. ಅವನು ರಂಗದ ಮೇಲೆ ಸಾಯುವುದನ್ನು ನಾನು ನೋಡಬೇಕು.

ಇಂತಿ, ಇನ್ನೂ ಉಸಿರಾಡುತ್ತಿರುವ
ಚಿಕ್ಕಮುನಿಯಪ್ಪ

*

ಮಾರಿಕುಪ್ಪಂ
30 ಜನವರಿ 2024

ಮುನಿಯಪ್ಪಣ್ಣನಿಗೆ ಸೆಲ್ವರಾಜ್ ನಮಸ್ಕಾರ.

ಆ ಫ್ಲೆಕ್ಸನ್ನು ನಾನೂ ನೋಡಿದೆ. ಸ್ಟೇಷನ್ ಬೆಂಚಿನ ಮೇಲೆ ಕೂತು ಅತ್ತೆ. ನನ್ನ ಹೆಂಡತಿ ಸೆಲ್ವಿ ಆಗಲೇ ಹೂವಿನ ಹಾರಕ್ಕೆ ಹೇಳಿಯೂ ಆಗಿತ್ತು. ಶ್ಯಾಮಲಮ್ಮ ರೈಲಿನಿಂದ ಇಳಿದವಳು ನನ್ನನ್ನು ನೋಡಿ, ಅಂಕಲ್, ಮಾವ ಈಗ ತಾನೇ ಗಂಜಿ ಚೆನ್ನಾಗಿಲ್ಲ ಅಂತ ಸನ್ನೆ ಮಾಡಿ ಜಗಳ ಆಡಿದ್ರು ಅಂದಳು. ಹಾರ ವಾಪಸ್ ತಗೊಳ್ಳಲ್ಲ ಅಂದರು ಹೂವಿನವರು. ಮುರುಗನ ಪಟಕ್ಕೆ ಹಾಕಿದ್ದೇವೆ. ನಿನ್ನ ಹೆಸರಲ್ಲಿ ಸಾಮಿಗೆ ಒಂದು ಹಾರ ಸಿಕ್ಕಿತು.

ಅಣ್ಣ, ನೀನು ಕೇಳಿದ್ದು ನಾನು ಮಾಡಲ್ಲ. ನಿನ್ನ ಕಾಗದ ಬಂದ ಮೇಲೆ ಶ್ಯಾಮಲಮ್ಮನ ಹತ್ತಿರ ಬೇರೆಯವರ ವಿಷಯದಂತೆ ಕೇಳಿದೆ. ಬಿಸಿಲೊಂದೇ ಅಲ್ಲ, ನಾಟಕದ ದೀಪ ಹತ್ತಿರದಿಂದ ಬಿದ್ದರೂ ಅಪಾಯ ಅಂದಳು. ನನ್ನದು ಸಾವಿರ ವ್ಯಾಟಿನ ದೀಪ. ಅದರ ಮುಂದೆ ಒಳ್ಳೇ ಚರ್ಮದವರೇ ಬೆವರುತ್ತಾರೆ. ಇಷ್ಟು ವರ್ಷ ನಿನ್ನ ಮುಖಕ್ಕೆ ಬೆಳಕು ಹಾಕಿದ ಕೈ ಇದು. ಅದೇ ಕೈಯಿಂದ ನಿನ್ನ ಮುಖ ಬೇಯಿಸು ಅಂತೀಯಾ?

ಕಾಂತರಾಜ್ ಮಾಡಿದ್ದು ತಪ್ಪು. ಅಕ್ಕಯ್ಯಮ್ಮಕ್ಕನ ಕೈ ವಿಷಯ ಓದಿ ಸೆಲ್ವಿ ಊಟ ಮಾಡಲಿಲ್ಲ. ಬೇಕಾದರೆ ಹೇಳು, ಹಿಂದಿನ ಬಾಗಿಲಲ್ಲಿ ನಿಂತು ಅವನಿಗೆ ನಾನೇ ಎರಡು ಬಿಡುತ್ತೇನೆ. ಬೆಳಕು ಮಾತ್ರ ಕೇಳಬೇಡ.

ನಿನ್ನ
ಸೆಲ್ವರಾಜ್

*

ಬಂಗಾರಪೇಟೆ
2 ಫೆಬ್ರವರಿ 2024

ಪ್ರೀತಿಯ ಮಾವನಿಗೆ,

ಬೇರೆಯವರ ವಿಷಯ ಅಂತ ಸೆಲ್ವರಾಜ್ ಅಂಕಲ್ ಕೇಳಿದಾಗ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ನೀವು ನಾಟಕಕ್ಕೆ ಹೋಗುವ ಹಾಗಿಲ್ಲ. ಹೋದರೆ ನಾನು ಬೆಂಗಳೂರಿನ ಡಾಕ್ಟರಿಗೆ ಮುಂಚೆ ಅತ್ತೆಗೆ ಹೇಳುತ್ತೇನೆ.

ಅತ್ತೆಯ ಕೈಯಲ್ಲಿ ಚೀಟಿ ಕಳಿಸಿದ್ದಿರಿ, ನನ್ನ ಗಂಟಲಿನ ವೈರಿಯನ್ನು ಬೆಳಕು ಹೇಗೆ ಸುಟ್ಟು ಬೂದಿ ಮಾಡಿತು, ಯುದ್ಧದ ವರ್ಣನೆ ಬೇಕು ಅಂತ. ನಿಮಗೆ ನಿರಾಸೆ ಆಗುತ್ತದೆ ಮಾವ. ಯುದ್ಧ ನಡೆಯಲೇ ಇಲ್ಲ.

ಆ ಕೆಂಪು ಬೆಳಕು ಬಿಸಿ ಅಲ್ಲ. ಮದ್ದಿಲ್ಲದವನ ಅಂಗೈಗೆ ಬಿಟ್ಟರೆ ಟಾರ್ಚು ಬಿಟ್ಟಂತೆ, ಏನೂ ಆಗಲ್ಲ. ಮದ್ದು ಕೂಡ ತಾನೊಂದೇ ಇದ್ದರೆ ಸುಮ್ಮನೆ ಇರುತ್ತದೆ. ಎರಡೂ ಸೇರಬೇಕು. ನರಕ್ಕೆ ಹಾಕಿದ ಮದ್ದು ರಕ್ತದ ಜೊತೆ ಮೈಯೆಲ್ಲ ಸುತ್ತಿತು. ಎಲ್ಲರ ಮನೆಗೂ ಹೋಯಿತು ಅಂದುಕೊಳ್ಳಿ. ಒಳ್ಳೆಯ ಜೀವಕೋಶಗಳು ಎರಡು ದಿನದಲ್ಲಿ ಅದನ್ನು ಬಹುಪಾಲು ಬಿಟ್ಟುಕೊಟ್ಟವು. ಗೆಡ್ಡೆಯ ಜೀವಕೋಶಗಳು ಬಿಡಲಿಲ್ಲ, ಒಳಗೇ ಹಿಡಿದಿಟ್ಟುಕೊಂಡವು. ಚರ್ಮವೂ ಬೇಗ ಬಿಡುವುದಿಲ್ಲ, ನಿಮ್ಮನ್ನು ಒಳಗೆ ಕೂರಿಸಿರುವುದು ಅದಕ್ಕೇ. ಅಂದಹಾಗೆ ಪೂರ್ತಿ ಕತ್ತಲೂ ಬೇಡ. ಮನೆಯೊಳಗಿನ ಸಾಧಾರಣ ಬೆಳಕಿನಲ್ಲಿ ಚರ್ಮದ ಮದ್ದು ನಿಧಾನಕ್ಕೆ ಕರಗುತ್ತದೆ. ಬಲ್ಬು ಆರಿಸಿ ಶಪಥ ಮಾಡುತ್ತಾ ಕೂರಬೇಡಿ.

ಎರಡು ದಿನದ ಮೇಲೆ ಬೆಳಕು ಬಿಟ್ಟಾಗ, ಮದ್ದು ಆ ಬೆಳಕನ್ನು ಕುಡಿದು ಪಕ್ಕದಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕದ ಆಯಸ್ಸು ಕಣ್ಣು ಮಿಟುಕಿಸುವಷ್ಟೂ ಇಲ್ಲ. ದೂರ ಹೋಗಲ್ಲ, ಹುಟ್ಟಿದ ಜಾಗದಲ್ಲೇ ಪೆಟ್ಟು ಕೊಡುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ಮೈಟೊಕಾಂಡ್ರಿಯಗಳಿಗೆ, ಜೀವಕೋಶಕ್ಕೆ ಶಕ್ತಿ ಬೇಯಿಸಿ ಕೊಡುವ ಒಲೆಗಳು ಅವು. ಒಲೆ ಬಿರಿದು ಒಳಗಿರಬೇಕಾದ ಒಂದು ಪ್ರೋಟೀನು ಹೊರಗೆ ಸೋರುತ್ತದೆ. ಅದು ಸೋರಿತು ಅಂದರೆ ಜೀವಕೋಶಕ್ಕೆ ಅದೇ ಸೂಚನೆ. ಅಲ್ಲಿಯ ತನಕ ಮಲಗಿದ್ದ ಕತ್ತರಿಗಳು ಏಳುತ್ತವೆ, ಕ್ಯಾಸ್ಪೇಸ್ ಅಂತ ಅವುಗಳ ಹೆಸರು. ಜೀವಕೋಶ ತನ್ನನ್ನು ತಾನೇ ಒಳಗಿನಿಂದ ಬಿಚ್ಚತೊಡಗುತ್ತದೆ. ಗೋಡೆ ಒಡೆಯಲ್ಲ, ಏನೂ ಚೆಲ್ಲಲ್ಲ. ಕುಗ್ಗಿ, ಸಣ್ಣ ಸಣ್ಣ ಗಂಟುಗಳಾಗಿ ಕಟ್ಟಿಕೊಳ್ಳುತ್ತದೆ. ಪಕ್ಕದ ಜೀವಕೋಶಗಳು ಆ ಗಂಟುಗಳನ್ನು ನುಂಗಿ ತಮಗೆ ಉಪಯೋಗ ಮಾಡಿಕೊಳ್ಳುತ್ತವೆ. ಎಲ್ಲವೂ ಹೀಗೇ ಸಾಯುತ್ತವೆ ಅನ್ನಲ್ಲ. ಕೆಲವು ಒಡೆದೂ ಸಾಯುತ್ತವೆ, ಗೆಡ್ಡೆಗೆ ರಕ್ತ ತರುವ ನಾಳಗಳೂ ಮುಚ್ಚುತ್ತವೆ. ಆದರೆ ನಾನು ಲ್ಯಾಬಿನಲ್ಲಿ ನೋಡುತ್ತಾ ಕೂರುವುದು ಈ ಮೊದಲನೆಯ ಬಗೆಯ ಸಾವನ್ನೇ.

ನಿಮ್ಮ ಮಾತಿನಲ್ಲಿ ಹೇಳುತ್ತೇನೆ. ಪ್ರತಿ ಜೀವಕೋಶದ ಪಾಠದ ಕೊನೆಗೂ ನಿಷ್ಕ್ರಮಣ ಅಂತ ಬರೆದಿರುತ್ತದೆ. ಸಮಯ ಬಂದಾಗ ಅದು ಹೊರಡಬೇಕು. ಕ್ಯಾನ್ಸರ್ ಜೀವಕೋಶ ಅಂದರೆ ಪಾತ್ರ ಮುಗಿದರೂ ರಂಗ ಬಿಡದವನು. ಬೆಳಕು ಅವನನ್ನು ಕತ್ತು ಹಿಡಿದು ತಳ್ಳಲ್ಲ. ಅವನು ಮರೆತ ಸಾಲನ್ನು ಅವನಿಗೇ ನೆನಪಿಸುತ್ತದೆ. ಆಮೇಲೆ ಮಾಡುವುದೆಲ್ಲ ಅವನೇ.

ಮಾತಾಡಬೇಡಿ. ಹಾಲು ಕರೆಯಲು ಹೊರಗೆ ಹೋಗಬೇಡಿ. ಹಸುಗಳು ಅತ್ತೆಯ ಜೊತೆ ಚೆನ್ನಾಗಿಯೇ ಇವೆ.

ನಿಮ್ಮ ಸೊಸೆ
ಶ್ಯಾಮಲ

*

ಒಳಕೋಣೆ
4 ಫೆಬ್ರವರಿ 2024

ಲೋ ಸೆಲ್ವ,

ನನ್ನ ಮುಖಕ್ಕೆ ಬೆಳಕು ಬೇಡ. ನೀನು ಗೆದ್ದೆ, ಹಿಗ್ಗು. ಆದರೆ ಈಗ ಕೇಳು, ಶ್ಯಾಮಲಳ ಕಾಗದವನ್ನು ನಾನು ಬಾಯಿಪಾಠ ಮಾಡಿದ್ದೇನೆ, ನೀನೂ ಓದಲಿ ಎಂದು ಇದರ ಜೊತೆಗೇ ಇಟ್ಟಿದ್ದೇನೆ. ನಲವತ್ತು ವರ್ಷ ಗದೆ ಬೀಸಿ, ತೊಡೆ ತಟ್ಟಿ, ಶತ್ರುವನ್ನು ಕೊಲ್ಲುವುದೆಂದರೆ ಹೊಡೆಯುವುದು ಎಂದುಕೊಂಡಿದ್ದೆ. ಎಂಥ ಹಳ್ಳಿಗುಗ್ಗು ನಾನು. ಹೊಡೆದರೆ ಅವನು ವೀರನಾಗುತ್ತಾನೆ. ನಾನು ಎದ್ದು ಗರ್ಜಿಸಿದ್ದರೆ ಏನಾಗುತ್ತಿತ್ತು ಹೇಳು. ಕಾಯಿಲೆಯ ಮುದುಕ ಕೂಗಾಡಿದ, ಪಾಪ ಹುಡುಗ ತಾಳಿಕೊಂಡ ಎನ್ನುತ್ತಿದ್ದರು. ರಕ್ತವೆಲ್ಲ ಸಭೆಯ ಮೇಲೆ ಚೆಲ್ಲುತ್ತಿತ್ತು.

ಇಲ್ಲ. ಅವನು ತನ್ನನ್ನು ತಾನೇ ಬಿಚ್ಚಿಕೊಳ್ಳಬೇಕು.

ಮೊದಲು ಮದ್ದು. ಇವತ್ತು ಮಂಡಳಿಯ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು ಬರೆದಿದ್ದೇನೆ. ಮೇಷ್ಟ್ರಿಗೆ, ರಾಣಿ ಪಾರ್ಟಿನ ಮುನಿರತ್ನಮ್ಮನಿಗೆ, ತಬಲದವನಿಗೆ, ಪರದೆ ಎಳೆಯುವವನಿಗೆ, ಕಾಂತರಾಜನಿಗೂ. ಎಲ್ಲರಿಗೂ ಒಂದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ: ಗುಣವಾಗುತ್ತಿದ್ದೇನೆ, ಹನ್ನೊಂದನೇ ತಾರೀಖು ಆಟ ನೋಡಲು ಬಂದು ಹಿಂದೆ ಎಲ್ಲಾದರೂ ಕೂರುತ್ತೇನೆ, ಗಂಟಲು ಸರಿಯಿಲ್ಲದ್ದರಿಂದ ಯಾರನ್ನೂ ಮಾತಾಡಿಸುವುದಿಲ್ಲ, ಕಾಂತರಾಜನಿಗೆ ನನ್ನ ಆಶೀರ್ವಾದ. ಸಕ್ಕರೆ ಹಾಕಿದ ಹಾಗಿದೆಯಲ್ಲ? ಮನಸ್ಸು ನೆಟ್ಟಗಿರುವವರು ಓದಿ, ಸದ್ಯ ಬದುಕಿದ ಎಂದು ಸಂತೋಷಪಟ್ಟು ಎರಡು ದಿನಕ್ಕೆ ಮರೆಯುತ್ತಾರೆ. ಅವರ ಮೈಯಿಂದ ಅದು ಇಳಿದುಹೋಗುತ್ತದೆ. ಒಬ್ಬನ ಮೈಯಲ್ಲಿ ಮಾತ್ರ ನಿಲ್ಲುತ್ತದೆ. ಆಶೀರ್ವಾದ ಎಂಬ ಪದವನ್ನು ಅವನು ಉಗಿಯಲೂ ಆರ, ನುಂಗಲೂ ಆರ.

ಆಮೇಲೆ ಬೆಳಕು. ಅದು ನಿನ್ನ ಕೆಲಸ, ಇದರಲ್ಲಿ ಯಾರ ಚರ್ಮವೂ ಸುಡುವುದಿಲ್ಲ. ಅವನು ಪ್ರವೇಶ ಮಾಡಿದ ಮೇಲೆ ಸಭಾಂಗಣದ ದೀಪ ಪೂರ್ತಿ ಆರಿಸು, ಪಕ್ಕದ ಬಾಗಿಲುಗಳ ಪರದೆಯನ್ನೂ ಎಳೆಸು. ಅವನ ಮುಖದ ಮೇಲೆ ಫೋಕಸ್ ಬಿಡು. ಅಲ್ಲಾಡಿಸಬೇಡ, ಮಂದ ಮಾಡಬೇಡ. ಆ ಬೆಳಕಿನಲ್ಲಿ ನಿಂತವನಿಗೆ ಎದುರಿಗೆ ಏನು ಕಾಣುತ್ತದೆ ಎಂದು ನನಗೆ ಗೊತ್ತು. ಏನೂ ಕಾಣುವುದಿಲ್ಲ. ಕರಿಗೋಡೆ. ಆ ಗೋಡೆಯ ಹಿಂದೆ ಎಲ್ಲೋ ನಾನಿದ್ದೇನೆ ಎಂದು ತಿಳಿದುಕೊಂಡು ಅವನು ಹಾಡಬೇಕು.

ನೀನು ಮಾಡಬೇಕಾದದ್ದು ನಿನ್ನ ಕೆಲಸವನ್ನು ಚೆನ್ನಾಗಿ ಮಾಡುವುದು, ಅಷ್ಟೇ. ಇದಕ್ಕೂ ಇಲ್ಲ ಎನ್ನುತ್ತೀಯಾ?

ಇಂತಿ
ಚಿಕ್ಕಮುನಿಯಪ್ಪ

*

ಮಾರಿಕುಪ್ಪಂ
12 ಫೆಬ್ರವರಿ 2024

ಮುನಿಯಪ್ಪಣ್ಣನಿಗೆ,

ಎಲ್ಲಿ ಕೂತಿದ್ದೆ ಅಣ್ಣ? ಆಟ ಮುಗಿದ ಮೇಲೆ ಒಂದೊಂದು ಸಾಲೂ ನೋಡಿದೆ. ಬಾಗಿಲಲ್ಲಿ ನಿಂತು ಹೋಗುವವರ ಮುಖವೆಲ್ಲ ನೋಡಿದೆ. ಕಂಬಳಿ ಹೊದ್ದವರು ಯಾರೂ ಕಾಣಲಿಲ್ಲ.

ನಡೆದದ್ದು ನೀನು ನೋಡಿದ್ದೀಯ, ಆದರೂ ನನ್ನ ಜಾಗದಿಂದ ಹೇಗೆ ಕಂಡಿತು ಹೇಳುತ್ತೇನೆ. ನೀನು ಹೇಳಿದಂತೆ ದೀಪ ಹಾಕಿದೆ. ಕೆಲಸ ಚೆನ್ನಾಗಿ ಮಾಡು ಅಂದರೆ ಇಲ್ಲ ಅನ್ನೋಕೆ ನನಗೆ ಬರಲ್ಲ. ಕಾಂತರಾಜ್ ಬೆಳಿಗ್ಗೆಯಿಂದಲೇ ಸರಿ ಇರಲಿಲ್ಲ. ಬಣ್ಣ ಹಚ್ಚುವಾಗ ಒಬ್ಬೊಬ್ಬರನ್ನೂ ಕೇಳುತ್ತಿದ್ದ, ಗುರುಗಳು ಬಂದ್ರಾ, ಎಲ್ಲಿ ಕೂತವ್ರೆ ಅಂತ. ಮುನಿರತ್ನಮ್ಮ, ಬಂದಿರ್ತಾರೆ ಬಿಡಪ್ಪಾ, ನಿನಗೆ ಒಳ್ಳೇದೇ ಬರ್ದವ್ರಲ್ಲ, ಅಂದಳು.

ಪ್ರವೇಶ ಚೆನ್ನಾಗಿಯೇ ಮಾಡಿದ. ನಿಜ ಹೇಳುತ್ತೇನೆ, ಕೋಪ ಮಾಡಬೇಡ, ಮೊದಲ ಪದ ಬಹಳ ಚೆನ್ನಾಗಿ ಎತ್ತಿದ. ಜನ ಶಿಳ್ಳೆ ಹೊಡೆದರು. ಎರಡನೇ ಪದದ ನಡುವೆ ಹಿಂದಿನಿಂದ ಯಾರೋ ಕೆಮ್ಮಿದರು. ಒಣ ಕೆಮ್ಮು. ಅವನು ಆ ಕಡೆ ತಿರುಗಿದ. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಕೈ ಅಡ್ಡ ಹಿಡಿದು ನೋಡಿದ. ಪದ ತಪ್ಪಿತು. ಮೇಷ್ಟ್ರು ಸಾಲು ಎತ್ತಿಕೊಟ್ಟರು. ಹಿಡಿದುಕೊಂಡ, ಮತ್ತೆ ಬಿಟ್ಟ. ಇನ್ನೊಂದು ಸಲ ಕೊಟ್ಟರು. ಆಗ ಅವನು ಹಾಡೋದು ಬಿಟ್ಟು ಕತ್ತಲೆಗೆ ಕೇಳಿದ:

'ಗುರುಗಳೇ, ಎಲ್ಲಿದೀರಾ? ನಂಗೆ ಕಾಣಾಕಿಲ್ಲ.'

ಕೆಲವರು ನಕ್ಕರು, ಇದೂ ನಾಟಕದ ಒಳಗೆ ಇದೆ ಅಂದುಕೊಂಡು. ಅವನು ಮುಂದೆ ಬಂದ. ಮೈಕು ಹತ್ತಿರದಲ್ಲೇ ಇತ್ತು, ಹಾಗಾಗಿ ಪಿಸುಮಾತು ಕೂಡ ಎಲ್ಲರಿಗೂ ಕೇಳಿತು.

'ನೀವು ಬದ್ಕಿರೋದು ಗೊತ್ತಿದ್ದೇ ಆ ಫ್ಲೆಕ್ಸು ಆಕ್ದೆ. ಯಾರೂ ಫೋನ್ ಮಾಡ್ನಿಲ್ಲ.'

ಅಣ್ಣ, ನನ್ನ ಕೈ ಫೋಕಸ್ ಮೇಲೆ ಇತ್ತು. ಆರಿಸಬೇಕು ಅನ್ನಿಸಿತು. ಆರಿಸಲಿಲ್ಲ. ಅವನು ಓಡಿಹೋಗಲಿಲ್ಲ, ಬೀಳಲಿಲ್ಲ. ಮೊದಲು ಕಿರೀಟ ತೆಗೆದು ಸಿಂಹಾಸನದ ಮೇಲೆ ಇಟ್ಟ. ಆಮೇಲೆ ಭುಜಕೀರ್ತಿ, ಒಂದಾದ ಮೇಲೆ ಒಂದು. ಎದೆಹಾರ. ಸೊಂಟದ ಪಟ್ಟಿ. ಕೂತುಕೊಂಡು ಗೆಜ್ಜೆ ಬಿಚ್ಚಿದ. ಪ್ರತಿಯೊಂದನ್ನೂ ಒರೆಸಿ, ಶಲ್ಯದಲ್ಲಿ ಗಂಟು ಕಟ್ಟಿ ಇಟ್ಟ. ಮೀಸೆ ಕೊನೆಗೆ ಕಿತ್ತ. ಅಷ್ಟು ಹೊತ್ತು ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಲೇ ಇಲ್ಲ, ಒಂದೇ ಶ್ರುತಿ ಹಿಡಿದು ತುಳಿಯುತ್ತಲೇ ಇದ್ದರು. ಅವನು ಬನಿಯನ್ನಿನಲ್ಲಿ ಪಕ್ಕದ ಪರದೆಯ ಹಿಂದೆ ಹೋದ. ಸೇನಾಪತಿ ಪಾರ್ಟಿನವನು ಬಂದು ಕಿರೀಟ ಎತ್ತಿಕೊಂಡ, ಮುನಿರತ್ನಮ್ಮ ಗಂಟು ಎತ್ತಿಕೊಂಡಳು, ರಾಜನ ಪದಗಳನ್ನು ಮೇಷ್ಟ್ರು ಕೂತಲ್ಲಿಂದಲೇ ಹಾಡಿದರು. ಆಟ ಹೇಗೋ ಮುಗಿಯಿತು.

ನೀನು ಎಲ್ಲಿ ಕೂತಿದ್ದೆ?

ಸೆಲ್ವರಾಜ್

*

ಒಳಕೋಣೆ
16 ಫೆಬ್ರವರಿ 2024

ಸೆಲ್ವರಾಜಾ, ನನ್ನ ದೀಪದ ದೊರೆಯೇ,

ಎಲ್ಲಿಯೂ ಕೂತಿರಲಿಲ್ಲ. ನಾನು ಬರಲೇ ಇಲ್ಲ.

ಹೊರಟಿದ್ದೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕೈಗವಸು, ಕರಿ ಕನ್ನಡಕ, ಮಫ್ಲರು ಎಲ್ಲ ಹಾಕಿ, ಬಾಗಿಲ ಹತ್ತಿರ ಬಂದು ನಿಂತೆ. ಹೊಸ್ತಿಲ ಆಚೆ ಬಿಸಿಲು ಬಿದ್ದಿತ್ತು. ಅಕ್ಕಯ್ಯಮ್ಮ ಅಡ್ಡ ನಿಲ್ಲಲಿಲ್ಲ. ಹಾಲಿನ ಕ್ಯಾನು ತೊಳೆಯುತ್ತಾ ಹೋಗುವುದಾದರೆ ಹೋಗು, ಆದರೆ ಈ ಸಲ ರೈಲಿನಲ್ಲಿ ನಾನು ಬರಲ್ಲ ಎಂದಳು. ನಾನು ಯೋಚಿಸಿದೆ. ನನ್ನ ಕೆಲಸ ಅಲ್ಲೇನಿದೆ? ಮದ್ದು ಹೋಗಿ ಸೇರಿದೆ. ಬೆಳಕು ನಿನ್ನ ಕೈಯಲ್ಲಿದೆ. ಉಳಿದದ್ದನ್ನು ಮಾಡುವವನು ಅವನೇ. ವಾಪಸ್ ಬಂದು ಕೂತು ಉಪ್ಪಿಟ್ಟು ತಿಂದೆ.

ಕೆಮ್ಮಿದವನು ಯಾವ ಪುಣ್ಯಾತ್ಮನೋ ಗೊತ್ತಿಲ್ಲ. ಸಿಕ್ಕಿದರೆ ಅವನಿಗೆ ಒಂದು ಶಾಲು ಹೊದಿಸುತ್ತೇನೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕಿರೀಟ, ಭುಜಕೀರ್ತಿ, ಎದೆಹಾರ, ಪಟ್ಟಿ, ಗೆಜ್ಜೆ, ಮೀಸೆ. ಎಂಥ ಕ್ರಮ. ಒಂದು ಹನಿ ಚೆಲ್ಲಲಿಲ್ಲ. ನಾನು ಇಷ್ಟು ವರ್ಷ ಆಡಿದ ಯಾವ ವಧೆಯೂ ಇಷ್ಟು ಚೆನ್ನಾಗಿರಲಿಲ್ಲ. ನಾನು ಖಾಲಿ ಕುರ್ಚಿಯಿಂದ ಅವನನ್ನು ಕೊಂದೆ ಸೆಲ್ವ, ಖಾಲಿ ಕುರ್ಚಿಯಿಂದ. ನನಗೆ ಪಶ್ಚಾತ್ತಾಪ ಇದೆಯೇ ಎಂದು ನೀನು ಕೇಳುವೆ. ಇಲ್ಲ. ಗಂಟಲು ಇದ್ದಿದ್ದರೆ ಹಾಡುತ್ತಿದ್ದೆ.

ಇಂತಿ, ವಿಜಯಿ
ಚಿಕ್ಕಮುನಿಯಪ್ಪ

*

ಮಾರಿಕುಪ್ಪಂ
24 ಫೆಬ್ರವರಿ 2024

ಮುನಿಯಪ್ಪಣ್ಣನಿಗೆ,

ನಿನ್ನ ಕಾಗದ ಓದಿ ನಕ್ಕೆ. ಆಮೇಲೆ ಒಂದು ವಾರ ಉತ್ತರ ಬರೆಯೋಕೆ ಮನಸ್ಸು ಬರಲಿಲ್ಲ.

ಕಾಂತರಾಜ್ ಅಂಗಡಿಗೆ ಹೋಗಿದ್ದೆ. ಒಳಗೆ ಮೆಷಿನ್ ಓಡುತ್ತಿತ್ತು. ಯಾರದೋ ಮಗುವಿನ ಹುಟ್ಟುಹಬ್ಬದ ಫ್ಲೆಕ್ಸು. ನನ್ನನ್ನು ನೋಡಿ ಟೀ ತರಿಸಿದ, ಮಾತಾಡಲಿಲ್ಲ. ಗಿರಾಕಿಯ ಹೆಸರು ಕೇಳಬೇಕಾದರೂ ಚೀಟಿಯಲ್ಲಿ ಬರೆದುಕೊಡಿ ಅಂತ ಕೈ ತೋರಿಸುತ್ತಾನೆ. ಇನ್ನು ರಂಗಕ್ಕೆ ಹತ್ತಲ್ಲವಂತೆ, ಅಂಗಡಿ ಹುಡುಗರು ಹೇಳಿದರು. ಕತ್ತಲೆ ಕಡೆ ಮುಖ ಮಾಡಿ ನಿಲ್ಲೋಕೆ ಆಗಲ್ಲವಂತೆ. ಯುಗಾದಿ ಆಟಕ್ಕೆ ರಾಜ ಇಲ್ಲ. ಮೇಷ್ಟ್ರು ಆಟವನ್ನೇ ಬಿಟ್ಟುಬಿಟ್ಟರು.

ಅವನು ತಪ್ಪು ಮಾಡಿದ. ಪಡಬೇಕಾದದ್ದು ಪಟ್ಟ. ಆದರೆ ನನಗೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ, ಶ್ಯಾಮಲಮ್ಮನ ಕಾಗದದ್ದು. ಪಾತ್ರ ಮುಗಿದರೂ ರಂಗ ಬಿಡದವನು. ಅಣ್ಣ, ಹನ್ನೆರಡು ವರ್ಷ ಅವನು ಪರದೆ ಪಕ್ಕದಲ್ಲಿ ನಿನ್ನ ನೀರಿನ ಚೊಂಬು ಹಿಡಿದು ನಿಂತಿದ್ದ. ಪ್ರತಿ ವರ್ಷ ಮುಂದಿನ ವರ್ಷ ಗೆಜ್ಜೆ ಕಟ್ಟುತ್ತೀನಿ ಅಂದೆ. ದೀಪದವನಿಗೆ ಎಲ್ಲ ಕಾಣುತ್ತೆ, ಬೆಳಕಲ್ಲಿ ನಿಂತವನೂ ಪಕ್ಕದ ಕತ್ತಲಲ್ಲಿ ನಿಂತವನೂ.

ಇಷ್ಟು ಬರೆದೆ ಅಂತ ಮಾತು ಬಿಟ್ಟರೆ ಬಿಡು. ಹೇಗೂ ನಿನಗೀಗ ಮಾತಿಲ್ಲ.

ಸೆಲ್ವರಾಜ್

*

ಕ್ಯಾಸಂಬಳ್ಳಿ ಹೋಬಳಿ
3 ಮಾರ್ಚ್ 2024

ಸೆಲ್ವರಾಜನಿಗೆ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಒಡೆದದ್ದು ನಿನ್ನ ಹೆಂಡತಿಯ ಬಳೆಯಲ್ಲ.

ಚಿಕ್ಕಮುನಿಯಪ್ಪ

*

ಕ್ಯಾಸಂಬಳ್ಳಿ ಹೋಬಳಿ, ಮನೆಯ ಅಂಗಳ
14 ಏಪ್ರಿಲ್ 2024

ಕಾಂತರಾಜ,

ಈ ಕಾಗದವನ್ನು ನಾನು ಹೊರಗೆ ಕೂತು ಬರೆಯುತ್ತಿದ್ದೇನೆ. ಕಾಗದದ ಚೀಲಕ್ಕೆ ಸಣ್ಣ ತೂತು ಮಾಡಿ, ಕೈ ಒಳಗೆ ಹಾಕಿ, ಬಿಸಿಲಿಗೆ ಹಿಡಿದು ನೋಡಲು ಶ್ಯಾಮಲ ಹೇಳಿದ್ದಳು. ಮೊದಲ ಸಲ ಆ ತೂತಿನಷ್ಟೇ ಚರ್ಮ ಕೆಂಪಾಯಿತು. ಎರಡು ವಾರ ಬಿಟ್ಟು ಮತ್ತೆ ಹಿಡಿದೆ, ಏನೂ ಆಗಲಿಲ್ಲ. ಈಗ ಬಿಸಿಲು ನನ್ನದು.

ಬೆಂಗಳೂರಿನಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಗೆಡ್ಡೆ ಇದ್ದ ಜಾಗ ಸ್ವಚ್ಛವಾಗಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಅದರಲ್ಲೂ ಏನೂ ಸಿಗಲಿಲ್ಲ. ಇನ್ನು ಆಗಾಗ ಹೋಗಿ ತೋರಿಸುತ್ತಿರಬೇಕು. ಡಾಕ್ಟರು ಮಾತಾಡಿ ನೋಡೋಣ ಎಂದರು. ಮಾತಾಡಿದೆ. ಮಾತು ಬಂತು. ಮನೆಯಲ್ಲಿ ಅನ್ನ ಹಾಕು ಎನ್ನಲು ಸಾಕು, ಹಸುವನ್ನು ಬೈಯಲು ಸಾಕು. ರಂಗಕ್ಕೆ ಸಾಲದು. ಹೊಲದ ಬದುವಿನ ಮೇಲೆ ಒಬ್ಬನೇ ನಿಂತು ನಮ್ಮ ರಾಜನ ಪ್ರವೇಶದ ಪದ ಎತ್ತಿದೆ. ಆಚೆ ಮೇಯುತ್ತಿದ್ದ ಎಮ್ಮೆ ತಲೆ ಎತ್ತಲಿಲ್ಲ.

ಮೊದಲು ಒಂದು ವಿಷಯ ತಿಳಿದುಕೋ. ಆವತ್ತು ನಾನು ಸಭಾಂಗಣಕ್ಕೆ ಬಂದಿರಲಿಲ್ಲ. ನೀನು ಖಾಲಿ ಕತ್ತಲೆಗೆ ಹೆದರಿ ಕಿರೀಟ ತೆಗೆದೆ. ಇದನ್ನು ನಿನಗೆ ಹೇಳಬಾರದು, ಸಾಯುವ ತನಕ ನೀನು ಒಂದೊಂದು ಸಾಲನ್ನೂ ಹುಡುಕುತ್ತಾ ಇರಬೇಕು ಎಂದುಕೊಂಡಿದ್ದೆ. ಆದರೆ ನಾನಿಲ್ಲದ ಕಡೆಯೆಲ್ಲ ನನ್ನನ್ನು ಹುಡುಕುತ್ತಾ ನೀನು ಸುಮ್ಮನಾಗಿಬಿಟ್ಟರೆ, ಆ ಪದಗಳು ನಿನ್ನ ಬಾಯಲ್ಲೂ ಇಲ್ಲ, ನನ್ನ ಗಂಟಲಲ್ಲೂ ಇಲ್ಲ. ಮೇಷ್ಟ್ರಿಗೆ ಎಂಬತ್ತು ದಾಟಿತು. ನೀನು ಮೊದಲ ಪದ ಬಹಳ ಚೆನ್ನಾಗಿ ಎತ್ತಿದೆ, ಜನ ಶಿಳ್ಳೆ ಹೊಡೆದರು ಎಂದು ಸೆಲ್ವರಾಜ ಬರೆದಿದ್ದ. ಓದಿದಾಗ ನನ್ನ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ಅಕ್ಕಯ್ಯಮ್ಮನಂತೂ ಕ್ಷಮಿಸುವ ಮಾತೇ ಇಲ್ಲ. ಅವಳನ್ನು ಕೇಳಿದೆ, ಅವನನ್ನು ಮನೆಗೆ ಕರೆಯಲಾ ಎಂದು. ಹುಲ್ಲು ಕತ್ತರಿಸುತ್ತಿದ್ದವಳು ಕುಡುಗೋಲು ಕೆಳಗಿಟ್ಟಳು. ಹೇಳಿದಳು:

'ಬರ್ಲಿ. ಕಾಪಿ ನಾನೇ ಕೊಡ್ತೀನಿ. ಲೋಟ ಈಸ್ಕೊಳ್ವಾಗ ತಲೆ ಎತ್ತಿ ನನ್ನ ಮುಖ ನೋಡ್ಲಿ. ದಿನಾ ನೋಡ್ಲಿ.'

ಅದೇ ನಮ್ಮ ಷರತ್ತು. ನಾಳೆಯಿಂದ ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ಬರಬೇಕು. ಅಂಗಡಿಯ ನೆಪ ಹೇಳಬಾರದು. ಚಾಪೆ ಅಂಗಳದಲ್ಲಿ ಹಾಕುತ್ತೇನೆ, ನೆರಳಲ್ಲಿ ಅಲ್ಲ. ನೀನು ನನ್ನ ಮುಖ ನೋಡಿಕೊಂಡು ಹಾಡಬೇಕು. ಒಳಗೆ ಏನನ್ನಾದರೂ ಬಚ್ಚಿಟ್ಟುಕೊಂಡು ಹಾಡಿದರೆ ನನಗೆ ಗೊತ್ತಾಗುತ್ತದೆ. ನಿನಗೆ ನಾನು ಕಲಿಸದೆ ಇಟ್ಟುಕೊಂಡ ಪದಗಳು ಇವೆ. ಎಲ್ಲವನ್ನೂ ನಿನ್ನ ಗಂಟಲೊಳಗೆ ತುರುಕುತ್ತೇನೆ. ಅವು ನಿನ್ನಲ್ಲಿ ನಿಂತ ದಿನ ಗೆಜ್ಜೆಯನ್ನು ನನ್ನ ಕೈಯಾರೆ ಕಟ್ಟುತ್ತೇನೆ, ಕಟ್ಟುವಾಗ ನೋಯುವಂತೆ ಬಿಗಿಯುತ್ತೇನೆ.

ಮೊದಲ ಪದದಲ್ಲಿ ತಪ್ಪಿದರೆ ಮೊದಲಿನಿಂದ. ಕೊನೆಯ ಪದದಲ್ಲಿ ತಪ್ಪಿದರೂ ಮೊದಲಿನಿಂದ. ಅವಸರ ಇಲ್ಲ. ನಾನು ಸಾಯುವ ತನಕ ಸಮಯವಿದೆ.

ಚಿಕ್ಕಮುನಿಯಪ್ಪ